ನಿಂತ ಗಾಡಿ

ಬೆಟಗೇರಿ ದವಾಖಾನಿ, ಗಂಡಸರ ವಾರ್ಡು, ರಾತ್ರಿ ಪಾಳಿ.
ಓಣಿಯ ಮಗ್ಗಗಳು ಹತ್ತಕ್ಕ ಬಾಯಿ ಮುಚ್ಚಿದ ಮ್ಯಾಲ
ಕೇಳೂದು ಬರೇ ಫ್ಯಾನಿನ ಕಿರಕಿರಿ,
ಏಳನೇ ಕಾಟಿನ ಕೆಮ್ಮು.

ಮೇಜಿನ ಮ್ಯಾಲ ವೇದಪುಸ್ತಕ, ಅದರೊಳಗ ಒಂದು ಚೀಟಿ:
ವರ್ಷದಾಗ ಪೂರ್ತಿ ಓದಿ ಮುಗಿಸೋ ಪಟ್ಟಿ,
ದಿನದ ಪಾಲು ಮುಗಿದ್ರ ಒಂದು ಗೀಟು.
ಇಪ್ಪತ್ತಾರು ವರ್ಷ ಗೀಟು ಹಾಕೀನಿ
ಜ್ವರದ ಪಟ್ಟಿ ತುಂಬಿದ ಹಾಂಗ:
ನೂರಾ ಒಂದು, ನೂರಾ ಎರಡು, ಸಹಿ.
ಹಾಸಿಗಿ ಬದಿ ನಿಂತು ಎಷ್ಟು ಸಲ ಆಮೆನ್ ಅಂದೀನೋ
ಲೆಕ್ಕ ಇಟ್ಟವರಿಲ್ಲ. ಅಂದಾಕಿಯ ಬಾಯೊಳಗ
ಆ ಮಾತು ಯಾವಾಗ ಆರಿತೋ, ಅದೂ ಗೊತ್ತಾಗಲಿಲ್ಲ;
ಮುಚ್ಚಳ ಬಿಗಿ ಮಾಡದ ಸ್ಪಿರಿಟ್ ಸೀಸೆಯ ಹಾಂಗ
ವಾಸನಿ ಮಾತ್ರ ಉಳದಿತ್ತು.
ಯಾರ ಮುಂದ ಹೇಳಲಿ?
ಸಭೆಯವರ ಪಾಲಿಗೆ ನಾ ಕರುಣಾವತಿ ಸಿಸ್ಟರ್,
ಕಷ್ಟ ಬಂದ ಮನಿಯವರು ಮೊದಲು ಫೋನ್ ಮಾಡೂದು ನನಗ.

ಏಳನೇ ಕಾಟಿನ್ಯಾಗ ಮನಸ್ಸೆಪ್ಪ ಹಂಚಿನಾಳ.
ಹುಬ್ಬಳ್ಳಿ ರೈಲ್ವೆಯೊಳಗ ಮೂವತ್ತು ವರ್ಷ
ಉದ್ದ ಹಿಡಿಕಿ ಸುತ್ತಿಗಿಯಿಂದ
ಗಾಲಿ ಬಡದು ಕೇಳಿದಾಂವ.
ಗಟ್ಟಿ ಗಾಲಿ ಗಂಟಿ ಹಾಂಗ ನುಡಿತೈತಿ,
ಸೀಳಿದ್ದು ಒಡಕ ಮಡಕಿ ಹಾಂಗ.
ಈಗ ಕಣ್ಣಿಲ್ಲ. ಸಕ್ಕರಿ ರೋಗಕ್ಕ ಎರಡು ಕಾಲಬೆರಳೂ ಹೋಗ್ಯಾವ.

"ಪ್ರಾರ್ಥನಾ ಬ್ಯಾಡವಾ," ಅಂದ ಮೊದಲ ರಾತ್ರಿ,
"ಅದನ್ನ ಭಾಳ ಮಂದಿ ಮಾಡಿ ಹೋಗ್ಯಾರ. ಓದು."

ಅವತ್ತಿನ ಪಾಲಿನೊಳಗ ಎಲೀಯ ಇದ್ದ.
ರಾಣಿಗೆ ಅಂಜಿ ಅಡವಿಗೆ ಓಡಿದಾಂವ,
ಒಂಟಿ ಗಿಡದ ಬುಡಕ ಕುಂತು
ಸಾಕಪ್ಪಾ, ಕರಕೊಂಡು ಬಿಡು ಅಂದಾಂವ.
ಓದಿದೆ. ಬೆಟ್ಟ ಮುಟ್ಟೂ ಅವಸರ ನನಗ:
ಬಿರುಗಾಳಿ, ಭೂಕಂಪ, ಬೆಂಕಿ,
ಆಮ್ಯಾಲ ಆ ಸಣ್ಣ ದನಿ,
ಅಲ್ಲಿಗೆ ಗೀಟು.

"ತಡಿ," ಅಂದ. "ಓಡೂ ಗಾಡಿಯ ಗಾಲಿ ಬಡೀಲಿಕ್ಕೆ ಬರೂದಿಲ್ಲ.
ನಿಲ್ಲಿಸು. ಗಿಡದ ಬುಡಕಿಂದ ಮತ್ತ ಓದು. ಒಂದ ಸಾಲು."

ಓದಿದೆ.
"ಇನ್ನೊಮ್ಮೆ."
ಓದಿದೆ. ಗೂಡ್ಸ್ ಗಾಡಿಯೊಂದು ಗದಗ ಸ್ಟೇಷನ್ ದಾಟಿ ಹೋತು,
ಕಡೀ ಡಬ್ಬಿಯ ಸಪ್ಪಳ ಮುಗಿಯೂತನಕ ಸುಮ್ಮನಿದ್ದ.
"ಇನ್ನೊಮ್ಮೆ."
ಸಿಟ್ಟು ಬಂತು ನನಗ. ಮೂರನೇ ಕಾಟಿಗೆ ಸಲಾಯಿನ್ ಬದಲಿಸಬೇಕಿತ್ತು.
ಆ ಸಿಟ್ಟಿನ್ಯಾಗನ ಓದಿದೆ, ಆಗ ಕಂಡಿತು:

ಮಲಗ್ಯಾನ. ಯಾರೋ ಮುಟ್ಟಿ ಎಬ್ಬಿಸ್ತಾರ.
ಬೈಯೂದಿಲ್ಲ. ಯಾಕ ಓಡಿ ಬಂದಿ ಅಂತ ಕೇಳೂದಿಲ್ಲ.
ತಲಿ ಹಂತೇಕ ಕೆಂಡದಾಗ ಸುಟ್ಟ ರೊಟ್ಟಿ, ತಂಬಿಗಿ ನೀರು.
ಉಂಡ. ಮತ್ತ ಮಲಗಿದ.

ಮತ್ತ ಮಲಗಿದ!
ಇಪ್ಪತ್ತಾರು ಸಲ ಈ ಮಾತಿನ ಮ್ಯಾಲ ಹಾದು ಹೋಗೀನಿ
ಚಪ್ಪಲಿ ಸಪ್ಪಳ ಮಾಡಕೋತ.
ಉಂಡ ಮ್ಯಾಲ ಏಳಬೇಕಾಗಿತ್ತಲ್ಲ ಪ್ರವಾದಿ?
ಏಳಲಿಲ್ಲ. ಮಲಗಲಿ ಅಂತ ದೂತ ಬಿಟ್ಟೇ ಬಿಟ್ಟ.
ನಾಕರ ರೌಂಡಿಗೆ ನಾ ಬರೂ ಹಾಂಗ
ಎರಡನೇ ಸಲ ಬಂದ, ಮೆಲ್ಲಕ ಮುಟ್ಟಿದ,
ಹಾದಿ ಉದ್ದ ಐತಿ, ಇನ್ನೊಂದು ತುತ್ತು ಉಣ್ಣು ಅಂದ.

ಇದು ನನಗ ಗೊತ್ತಿದ್ದ ಕೆಲಸ.
ಆ ಪುಸ್ತಕದಾಗ ನನ್ನ ಪಾಳಿಯಾಂವ ಒಬ್ಬ ಇದ್ದ,
ಇಷ್ಟು ವರ್ಷ ಅವನಿಗೆ ನಮಸ್ಕಾರ ಸೈತ ಹೇಳಿರಲಿಲ್ಲ.

ನನ್ನ ದನಿ ಒಡೀತು. ಮನಸ್ಸೆಪ್ಪ ಕಿವಿ ಈ ಕಡೆ ಹೊರಳಿಸಿದ.
"ಸೀಳು ಸಿಕ್ತು," ಅಂದ. "ಅಂಜಬ್ಯಾಡ.
ಅಂಥಾ ಡಬ್ಬಿ ಬಿಚ್ಚಿ ಬಾಜೂಕ ನಿಲ್ಲಸ್ತಿದ್ವಿ,
ಸಿಕ್ ಲೈನ್ ಅಂತಿದ್ವಿ ಅದಕ್ಕ. ದವಾಖಾನಿನ ಅದೂ."

ಹನ್ನೊಂದನೇ ದಿನ ಸೊಸಿ ಬಂದು
ಹುಬ್ಬಳ್ಳಿ ಪ್ಯಾಸೆಂಜರಿಗೆ ಕರಕೊಂಡು ಹೋದ್ಲು.
ಆಮ್ಯಾಲಿನ ಸುದ್ದಿ ನನಗಿಲ್ಲ.

ಎಲ್ಲಾ ನೆಟ್ಟಗಾತು ಅಂತಲ್ಲ.
ಮೊನ್ನೆ ಒಂದನೇ ಕಾಟಿನ ಹುಡುಗ ಹೋದಾಗ
ಆಮೆನ್ ಮತ್ತ ಗಂಟಲಾಗ ನಿಂತಿತು.
ನಿಲ್ಲಲಿ ಅಂತ ಬಿಟ್ಟೆ, ಅವರವ್ವನ ಕೈ ಹಿಡಕೊಂಡು.

ಪಟ್ಟಿಯೊಳಗ ಎಲೀಯನ ದಿನದ ಮುಂದ ಇನ್ನೂ ಗೀಟಿಲ್ಲ.
ಇವತ್ತ ಪಾಳಿ ಮುಗಿಸಿ ಮನಿಗೆ ಬಂದು
ಬಿಸಿ ರೊಟ್ಟಿ ಮುರದೆ, ಹೆಸರಕಾಳ ಪಲ್ಯ, ಗುರೆಳ್ಳ ಪುಡಿ.
ಕಿಡಕಿ ಆಚೆ ಮಗ್ಗಗಳು ಒಂದೊಂದ ಬಾಯಿ ತಗೀತಿದ್ವು.
ಉಂಡು ಮಲಗಿದೆ.